ಅಕ್ಕನ ಮುಖದ ಉಳಿದರ್ಧ

ನಿನ್ನೆ ಬೆಳಿಗ್ಗೆ ನಾನು ಕುಂಚ ತೊಳೆದ ನೀರು ಕುಡಿದೆ. ಹೆಚ್ಚು ಮಾಡಿ ಹೇಳುತ್ತಿಲ್ಲ. ಎರಡು ಗುಟುಕು ಒಳಗೆ ಹೋಗಿತ್ತು, ಮೂರನೆಯದು ಬಾಯಲ್ಲಿತ್ತು. ಎಡಗೈ ಪಕ್ಕ ಕಾಫಿಯ ಲೋಟ, ಬಲಗೈ ಪಕ್ಕ ಕುಂಚದ ಲೋಟ. ಎರಡೂ ಒಂದೇ ಅಳತೆಯ ಸ್ಟೀಲಿನವು. ಒಳಗಿನ ಬಣ್ಣವೂ ಹೆಚ್ಚು ಕಡಿಮೆ ಒಂದೇ. ನನ್ನ ಹೆಂಡತಿ ಶಾರದ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಾಬರಿಯಾಗುತ್ತಾಳೆ ಅಂದುಕೊಂಡೆ.

"ಮೂರನೇ ಗುಟುಕಿಗೆ ಗೊತ್ತಾಯ್ತಾ?" ಅಂದಳು. "ನಲವತ್ತು ವರ್ಷದಿಂದ ಕಾಫಿ ಕೊಡ್ತಾ ಇದೀನಿ. ನನ್ನ ಕಾಫಿ ರುಚಿ ನಿಮಗೆ ಗೊತ್ತಿರೋದು ಇಷ್ಟೇನಾ?"

ಬಾಯಿ ಮುಕ್ಕಳಿಸುವ ನೆಪದಲ್ಲಿ ನಾನು ಉತ್ತರದಿಂದ ತಪ್ಪಿಸಿಕೊಂಡೆ.

ಅರವತ್ತೆಂಟನೆಯ ವಯಸ್ಸಿನಲ್ಲಿ ಚಿತ್ರ ಬರೆಯಲು ಕೂತವನಿಗೆ ಬಣ್ಣ ಕುಡಿಯುವುದು ದೊಡ್ಡ ಅಪಾಯವಲ್ಲ. ದೊಡ್ಡದು ಬೇರೆ ಇದೆ. ಅದು ನಡೆದು ಹದಿನೈದು ದಿನವಾಯಿತು. ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ನಿಧಾನವಾಗಿ, ಕಂಡಷ್ಟನ್ನೇ ಹೇಳುತ್ತೇನೆ. ನೀವೂ ಅವಸರ ಮಾಡಬೇಡಿ.

ನಾವು ದೊಡ್ಡಬಳ್ಳಾಪುರದ ನೇಯ್ಗೆಯವರು. ಆದರೆ ನಾನು ನೇಯ್ದದ್ದು ಕಡಿಮೆ. ಸೀರೆಗೆ ಡಿಸೈನ್ ಬರೆಯುವುದು ನನ್ನ ಕೆಲಸವಾಗಿತ್ತು. ಗ್ರಾಫ್ ಕಾಗದದ ಒಂದೊಂದು ಚೌಕಕ್ಕೂ ಸಣ್ಣ ಕುಂಚದಲ್ಲಿ ಬಣ್ಣ ತುಂಬಬೇಕು. ಅದನ್ನು ನೋಡಿಕೊಂಡು ಇನ್ನೊಬ್ಬರು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ತೂತು ಹೇಳಿದ ನೂಲನ್ನು ಮಗ್ಗ ಎತ್ತುತ್ತದೆ. ಹೀಗೆ ನಾನು ಬರೆದ ಹೂವು ಯಾವುದೋ ಊರಿನ ಮದುವಣಗಿತ್ತಿಯ ಭುಜದ ಮೇಲೆ ಅರಳುತ್ತದೆ. ಆಮೇಲೆ ಕಂಪ್ಯೂಟರ್ ಬಂತು. ನಾನು ಒಂದು ವಾರ ಬೆನ್ನು ಬಗ್ಗಿಸಿ ಬರೆಯುತ್ತಿದ್ದ ಅಂಚನ್ನು ಅದು ನನ್ನ ಕಣ್ಣೆದುರಿಗೇ ಊಟದ ಹೊತ್ತಿನೊಳಗೆ ಮುಗಿಸಿತು. ನನ್ನ ಎರಡನೇ ನಂಬರಿನ ಕುಂಚಕ್ಕೂ ನನಗೂ ಒಂದೇ ದಿನ ನಿವೃತ್ತಿಯಾಯಿತು.

ಈ ಕಸುಬಿನ ಒಂದು ಗುಟ್ಟನ್ನು ಹೇಳಲೇಬೇಕು. ಡಿಸೈನ್ ಬರೆಯುವವನು ಬಹಳ ಸಲ ಅರ್ಧವನ್ನೇ ಬರೆಯುತ್ತಾನೆ. ಎದುರುಬದುರು ನಿಂತ ಎರಡು ನವಿಲು ಬೇಕಾದರೆ ಒಂದು ನವಿಲು ಬರೆದರೆ ಸಾಕು. ಇನ್ನೊಂದನ್ನು ಮಗ್ಗವೇ ಮಗುಚಿ ನೇಯ್ದುಕೊಳ್ಳುತ್ತದೆ. ನಲವತ್ತು ವರ್ಷ ನಾನು ಅರ್ಧ ಕಮಲ, ಅರ್ಧ ಗೋಪುರ, ಅರ್ಧ ದೀಪ ಬರೆದೆ. ಕೂಲಿಯನ್ನು ಮಾತ್ರ ಪೂರ್ತಿ ತೆಗೆದುಕೊಂಡೆ.

ಹೋದ ವರ್ಷ ಅಟ್ಟ ಗುಡಿಸುವಾಗ ಆ ಕುಂಚಗಳು ಸಿಕ್ಕವು. ಎಸೆಯಲು ಮನಸ್ಸಾಗಲಿಲ್ಲ. ಹವ್ಯಾಸಕ್ಕೆ ಚಿತ್ರ ಬರೆಯೋಣ ಎಂದು ದಪ್ಪ ಕಾಗದ, ಬಣ್ಣದ ಟ್ಯೂಬು ತಂದೆ. ತಾರಸಿಯ ಮೇಲೆ ಕೂತು ಮೊದಲು ನಂದಿ ಬೆಟ್ಟ ಬರೆದೆ. ಐದು ದಿನ ಹಿಡಿಯಿತು. ಪಕ್ಕದ ಮನೆಯ ಅಶ್ವತ್ಥಪ್ಪ, ಆರು ಪವರ್‌ಲೂಮ್ ಇಟ್ಟುಕೊಂಡಿರುವವನು, ಗೋಡೆಯಾಚೆಯಿಂದ ಬಗ್ಗಿ ನೋಡಿದ.

"ಯಾವ ಬೆಟ್ಟ ಚಂದ್ರಣ್ಣ ಇದು?"

"ನಂದಿ ಬೆಟ್ಟ ಕಣಯ್ಯ."

"ಎರಡಿದಾವಲ್ಲ?"

ನೋಡಿದೆ. ಎರಡಿದ್ದವು. ಕಾಗದದ ನಡುವಿನಿಂದ ಬಲಕ್ಕೊಂದು, ಎಡಕ್ಕೊಂದು, ಒಂದರ ಮುಖವನ್ನು ಒಂದು ನೋಡುತ್ತಾ ಕೂತಿದ್ದವು.

"ಚೆನ್ನಾಗಿದೆ ಬಿಡು," ಅಂದ ಅಶ್ವತ್ಥಪ್ಪ. "ಬಾಡಿ ಸ್ವಲ್ಪ ಪ್ಲೇನ್ ಬಿಟ್ಟಿದ್ರೆ ಬಾರ್ಡರ್ ಇನ್ನೂ ಎತ್ತಿ ಕಾಣ್ತಿತ್ತು. ಎಷ್ಟು ಮೊಳ ಬರುತ್ತೆ?"

ಬಾರ್ಡರ್ ಯಾವುದು ಎಂದು ಮತ್ತೆ ನೋಡಿದೆ. ನಿಜ. ಬೆಟ್ಟದ ಮೇಲೂ ಕೆಳಗೂ ಎರಡು ಬೆರಳು ಅಗಲದ ಅಂಚು ಬಂದುಬಿಟ್ಟಿತ್ತು. ಬಲತುದಿಯಲ್ಲಿ, ದೇವರಾಣೆ ನನಗೆ ಗೊತ್ತಿಲ್ಲದಂತೆ, ಸೆರಗು ಕೂಡ ಶುರುವಾಗಿತ್ತು.

ಆ ಬೆಟ್ಟವನ್ನು ನೋಡಿ ನಗದೆ ಇದ್ದವಳು ನನ್ನ ಅಕ್ಕ ಒಬ್ಬಳೇ. ಗೌರಕ್ಕನಿಗೆ ಎಪ್ಪತ್ತಾರು. ಮದುವೆಯಾಗಿ ಹತ್ತು ವರ್ಷಕ್ಕೆ ಭಾವ ತೀರಿಕೊಂಡರು, ಮಕ್ಕಳಿರಲಿಲ್ಲ, ತವರಿಗೆ ಬಂದಳು. ಈ ಮನೆಯ ಯಜಮಾನಿಕೆ ಯಾರದು ಎಂಬ ಪ್ರಶ್ನೆಯನ್ನು ಅಂದಿನಿಂದ ಯಾರೂ ಎತ್ತಿಲ್ಲ, ಹಾಗಾಗಿ ಅದು ಅವಳದೇ. ಅವಳು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಹೇಳಿದಳು: "ಬೆಟ್ಟ ಯಾಕೋ ಬರೀತೀಯಾ, ಅದೇನ್ ಎಲ್ಲಾದ್ರೂ ಹೋಗುತ್ತಾ? ಹೋಗೋಳು ನಾನು. ನನ್ನ ಬರಿ."

ಅವಳ ಲೆಕ್ಕಾಚಾರ ಹೀಗಿತ್ತು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ ಮಾಡುತ್ತೇವೆ. ತೀರಿಕೊಂಡವರ ಫೋಟೋಗಳನ್ನು ಸಾಲಾಗಿ ಇಟ್ಟು, ಅವರವರಿಗೆ ಇಷ್ಟವಾದ ತಿಂಡಿಗಳನ್ನು ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ತಾನು ಹೋದ ಮೇಲೆ ತನಗೂ ಇಡುತ್ತಾರೆ. ಆದರೆ ಇಡಲು ಫೋಟೋ ಎಲ್ಲಿ? ನೆಂಟರ ಮದುವೆ ಆಲ್ಬಂಗಳಲ್ಲೆಲ್ಲ ಗೌರಕ್ಕ ಇದ್ದಾಳೆ, ಆದರೆ ಪ್ರತಿಯೊಂದರಲ್ಲೂ ಸೆರಗು ಬಾಯಿಯ ಮೇಲೆ. ಪೂರ್ತಿ ಮುಖ ಇರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ. ಅಲ್ಲಿ ಸೆರಗು ತೆಗೆಯದೆ ಬಿಡಲಿಲ್ಲವಂತೆ.

"ನಾನ್ ಸತ್ಮೇಲೆ ಅದನ್ನೇ ದೊಡ್ಡದು ಮಾಡ್ಸಿ ಇಡ್ತೀರ, ನಂಗೊತ್ತು. ಅದ್ರಲ್ಲಿ ನಾನು ಕುರಿ ಕದ್ದು ಸಿಕ್ಕಾಕ್ಕೊಂಡೋಳ ಥರ ಇದೀನಿ. ಆ ಮುಖದ ಮುಂದೆ ಎಡೆ ಇಟ್ರೆ ನಾನ್ ಬರಲ್ಲ."

"ಬಿಡ್ತು ಅನ್ನಿ ಅತ್ತಿಗೆ," ಅಂದಳು ಶಾರದ.

"ಬಿಡ್ತು ಅಂದ್ರೆ ಬಿಡುತ್ತೇನೇ? ಬರೀಲಿ ಅವ್ನು. ಸುಮ್ನೆ ಕೂತವ್ನೆ."

ಹೀಗೆ ನನ್ನ ಹವ್ಯಾಸಕ್ಕೆ ಒಂದು ಗಡುವು ಬಂತು. ಅಮಾವಾಸ್ಯೆಯೊಳಗೆ ಮುಗಿಸಬೇಕು ಎಂದಳು. ಯಾಕೆ ಅಮಾವಾಸ್ಯೆ ಎಂದು ಕೇಳುವ ಬುದ್ಧಿ ನನಗಾಗಲಿ ಶಾರದಳಿಗಾಗಲಿ ಬರಲಿಲ್ಲ.

ಹನ್ನೊಂದು ದಿನ ಕೂತೆ. ಕಾಗದಕ್ಕೆ ತೆಳುವಾಗಿ ಚೌಕ ಹಾಕಿದೆ. ಮೂಗಿನ ಮಧ್ಯಕ್ಕೆ ಉದ್ದಗೆರೆ ಎಳೆದು ಬಲಗಡೆಯನ್ನಷ್ಟೇ ಬರೆದೆ. ಬಲಗಣ್ಣು, ಬಲಗೆನ್ನೆ, ಬಲಗಡೆಯ ಮೂಗುಬೊಟ್ಟು, ಬಾಯಿಯ ಬಲಭಾಗ. ಚೆನ್ನಾಗಿಯೇ ಬಂತು. ಆಮೇಲೆ ಬೆಣ್ಣೆಕಾಗದದಲ್ಲಿ ಅದನ್ನು ತೆಗೆದು, ಮಗುಚಿ, ಎಡಗಡೆಗೆ ಇಳಿಸಿದೆ. ಕಸುಬಿನ ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲು ನೋಡಿದವಳು ಶಾರದ. "ಅತ್ತಿಗೆಗೆ ಇನ್ನೊಂದು ಮೂಗುಬೊಟ್ಟು ಯಾವಾಗ ಮಾಡಿಸಿದ್ರಿ? ನಂಗ್ಯಾಕೆ ಹೇಳ್ಲಿಲ್ಲ?" ಅಂದಳು. ಎಡಗಡೆಯದನ್ನು ಅಳಿಸಿ, ಗಾಳಿಗೆ ಒಣಗಿಸಿ, ಅಕ್ಕನ ಕೈಗೆ ಕೊಟ್ಟೆ.

ಅವಳು ಕನ್ನಡಕ ಹಾಕಿಕೊಂಡಳು. ತೆಗೆದಳು. ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಯಾರೋ ಇವ್ಳು?"

"ನೀನೇ ಅಕ್ಕ."

"ನಾನಾ? ಕ್ಯಾಲೆಂಡರ್‌ನಲ್ಲಿ ಬರೋ ದೇವರ ದೊಡ್ಡಮ್ಮನ ಥರ ಇದಾಳೆ. ಇವಳ ಮುಂದೆ ಎಡೆ ಇಟ್ರೆ ಇವಳೇ ಬಂದು ತಿಂದ್ಕೊಂಡ್ ಹೋಗ್ತಾಳೆ. ನಾನ್ ಬೀದೀಲಿ ನಿಂತ್ಕೊಂಡು ನೋಡ್ಬೇಕಾ?"

"ಹೋಲಿಕೆ ಇದೆಯಲ್ಲ. ಕಣ್ಣು ನೋಡು..."

"ಕಣ್ಣಿರ್ಲಿ. ಮೂತಿ ಎಲ್ಲೋ ನಂದು?"

ಈಗ ಹೇಳಿಬಿಡುತ್ತೇನೆ. ಅಕ್ಕನ ಮೇಲ್ದುಟಿಯ ಎಡಗಡೆ ಒಂದು ಹಳೆಯ ಗಾಯದ ಗುರುತಿದೆ. ಅದು ತುಟಿಯನ್ನು ಮೇಲಕ್ಕೆ ಎಳೆದು ಹಿಡಿದಿದೆ. ಸುಮ್ಮನೆ ಕೂತಾಗಲೂ ಅವಳು ಯಾರನ್ನೋ ನೋಡಿ ನಗಲು ಹೊರಟಂತಿರುತ್ತಾಳೆ. ಸಾವಿನ ಮನೆಗಳಲ್ಲಿ ಇದರಿಂದ ಅವಳಿಗೆ ಬಹಳ ಕಷ್ಟವಾಗಿದೆ.

"ಫೋಟೋದಲ್ಲೆಲ್ಲ ನೀನೇ ಮುಚ್ಕೋತಿದ್ದೆ," ಅಂದೆ.

"ಮುಚ್ಕೋತಿದ್ದೆ. ಇಲ್ಲ ಅಂದಿದ್ನಾ?"

ಅವಳು ಚಿತ್ರವನ್ನು ನನ್ನ ಕೈಗೇ ವಾಪಸು ಕೊಟ್ಟಳು.

"ನಿಮ್ ಭಾವ ನೋಡೋಕ್ ಬಂದಾಗ ನಾನು ಹೆದರ್ಕೊಂಡು ಕಾಫಿ ತಟ್ಟೆ ಹಿಡ್ಕೊಂಡ್ ನಿಂತಿದ್ದೆ. ಹುಡುಗಿ ನನ್ನ ನೋಡಿ ನಕ್ಕಳು ಅಂದ್ಕೊಂಡ್ ಅವರು ಅಲ್ಲೇ ಒಪ್ಕೊಂಡ್ರು. ಅಯ್ಯೋ, ಇದು ಗಾಯ ಕಣ್ರೀ ಅಂತ ಗೊತ್ತಾಗೋ ಹೊತ್ಗೆ ತಾಳಿ ಬಿದ್ದಿತ್ತು. ಆ ಮೂತಿ ಗುರುತಿಟ್ಕೊಂಡು ಅವರು ಅಲ್ಲಿ ಕಾಯ್ತಾ ಇದ್ರೆ? ಈ ದೊಡ್ಡಮ್ಮನ ನೋಡಿ ಕೈ ಮುಗಿದು ಕಳಿಸ್ಬಿಡ್ತಾರೆ. ಇನ್ನೊಂದು ಬರಿ. ನನ್ನ ಎದುರಿಗೆ ಕೂರ್ಸಿಕೊಂಡ್ ಬರಿ."

ಮರುದಿನದಿಂದ ಹಿತ್ತಿಲ ಜಗಲಿಯಲ್ಲಿ, ಬೆಳಗಿನ ಬಿಸಿಲಿಗೆ ಮುಖ ಕೊಟ್ಟು ಕೂತಳು. ನಾನು ಎದುರಿಗೆ ಮಣೆ ಹಾಕಿಕೊಂಡೆ. ಅಶ್ವತ್ಥಪ್ಪನ ಮಗ್ಗಗಳು ಗೋಡೆಯಾಚೆ ಬಡಿದುಕೊಳ್ಳುತ್ತಿದ್ದವು. ಚೌಕ ಹಾಕಲಿಲ್ಲ. ನಡುಗೆರೆ ಎಳೆಯಲಿಲ್ಲ. ಎಡಗಡೆಯಿಂದಲೇ ಶುರು ಮಾಡು ಎಂದು ಅವಳ ಅಪ್ಪಣೆಯಾಗಿತ್ತು.

ಎಡಗಡೆ ನೋಡಿದೆ. ಆಗ ಒಂದು ವಿಷಯ ಗೊತ್ತಾಯಿತು. ಊಟಕ್ಕಾಗಲಿ, ಬಸ್ಸಿನಲ್ಲಾಗಲಿ, ಟೀವಿಯ ಮುಂದಾಗಲಿ ನಾನು ಸದಾ ಅಕ್ಕನ ಬಲಪಕ್ಕಕ್ಕೆ ಕೂರುತ್ತೇನೆ. ಹಾಗೆ ಕೂತು ಅರವತ್ತೆರಡು ವರ್ಷವಾಗಿದೆ.

ಗುರುತು ಮೂಗಿನ ಎಡಹೊಳ್ಳೆಯ ಕೆಳಗೆ ಶುರುವಾಗುತ್ತದೆ. ಅಕ್ಕಿಕಾಳಿನಷ್ಟು ಅಗಲ. ನೇರವಾಗಿಲ್ಲ, ಸ್ವಲ್ಪ ಹೊರಕ್ಕೆ ಬಾಗಿದೆ. ತುಟಿಯ ಅಂಚಿಗೆ ಬಂದಾಗ ಎರಡಾಗಿ ಸೀಳುತ್ತದೆ. ಅಲ್ಲಿ ಚರ್ಮದ ಬಣ್ಣ ಸುತ್ತಲಿನದಕ್ಕಿಂತ ಒಂದು ಛಾಯೆ ತಿಳಿ. ತುಟಿ ಮೇಲೆದ್ದ ಕಡೆ ಕೋರೆಹಲ್ಲಿನ ತುದಿ ಕಾಣುತ್ತದೆ. ಇಷ್ಟು ನೋಡುವುದಕ್ಕೆ ನನಗೆ ಒಂದು ಬೆಳಗು ಪೂರ್ತಿ ಬೇಕಾಯಿತು.

"ಯಾಕೋ ಕುಂಚ ಅಲ್ಲೇ ನಿಂತ್ಬಿಡ್ತು?"

"ವಯಸ್ಸಾಯ್ತಲ್ಲಕ್ಕ."

"ಸುಳ್ಳ. ಆ ದೊಡ್ಡಮ್ಮನ್ನ ಬರೆಯೋವಾಗ ನಿಂತಿರ್ಲಿಲ್ಲ."

ನಿಲ್ಲುವುದಕ್ಕೆ ಕಾರಣವಿತ್ತು. ಆ ಗುರುತು ಮಾಡಿದವನು ನಾನು.

ನನಗಾಗ ಆರು ವರ್ಷ, ಅವಳಿಗೆ ಹದಿನಾಲ್ಕು. ನಡುಮನೆಯಲ್ಲಿ ಅಪ್ಪನ ಗುಂಡಿ ಮಗ್ಗ ಇತ್ತು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂರಬೇಕು. ಕಾಲಲ್ಲಿ ಮೆಟ್ಟು ಒತ್ತಿದರೆ ಉದ್ದಕ್ಕೆ ಕಟ್ಟಿದ ಹಾಸಿನ ನೂಲು ಮೇಲೆ ಕೆಳಗೆ ಸರಿದು ಬಾಯಿ ಬಿಡುತ್ತದೆ. ಆಗ ಕೈಯಲ್ಲಿ ಹಗ್ಗ ಜಗ್ಗಿದರೆ ಲಾಳಿ ಆ ಬಾಯೊಳಗೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಲಾಳಿ ಎಂದರೆ ಪುಟ್ಟ ದೋಣಿಯಂಥ ಮರದ ತುಂಡು. ಎರಡು ತುದಿಗೂ ಕಬ್ಬಿಣದ ಮೊನೆ. ಅಪ್ಪ ಸೀರೆ ಕೊಟ್ಟುಬರಲು ಹೋಗಿದ್ದರು. ನಾನು ಅವರ ಜಾಗದಲ್ಲಿ ಕೂತೆ. ಕಾಲು ಮೆಟ್ಟಿಗೆ ಎಟುಕಲಿಲ್ಲ. ಹಗ್ಗ ಮಾತ್ರ ಕೈಗೆ ಸಿಕ್ಕಿತು. ಮಗ್ಗದ ಪಕ್ಕ ಅಕ್ಕ ಬಗ್ಗಿ ಕಡಿದ ಎಳೆ ಗಂಟು ಹಾಕುತ್ತಿದ್ದಳು. ಜಗ್ಗಿದೆ. ಬಾಯಿ ಬಿಡದ ನೂಲಿನೊಳಗೆ ಲಾಳಿಗೆ ದಾರಿಯಿರಲಿಲ್ಲ. ಅದು ಗಾಳಿಗೆ ಹಾರಿತು.

ಅಪ್ಪ ಬಂದಾಗ ಅಕ್ಕ ಅರಿಶಿನ ಒತ್ತಿದ ಬಟ್ಟೆಯೊಳಗಿನಿಂದಲೇ ಹೇಳಿದಳು: "ಒಗೆಯೋ ಕಲ್ಲ ಮೇಲೆ ಜಾರಿ ಬಿದ್ದೆ."

ಅಪ್ಪ ಕೋಪಿಷ್ಠರು. ಆ ಸಂಜೆಯೇ ಇಬ್ಬರು ಆಳುಗಳನ್ನು ಕರೆದು, ಹಾರೆ ಹಾಕಿಸಿ, ಒಗೆಯುವ ಕಲ್ಲನ್ನು ಬುಡಸಮೇತ ಮೀಟಿಸಿ ಬೀದಿಗೆ ಉರುಳಿಸಿದರು. ಉರುಳಿಸುವಾಗ ಅದನ್ನು ಬೈದರು ಕೂಡ. ಒಂದು ತಿಂಗಳು ಅಮ್ಮ ಪಕ್ಕದವರ ಕಲ್ಲಿನ ಮೇಲೆ ಬಟ್ಟೆ ಒಗೆದಳು. ನನಗೆ ಬೀಳಬೇಕಾದ ಶಿಕ್ಷೆಯನ್ನು ಒಂದು ಕಲ್ಲು ಅನುಭವಿಸಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಅಕ್ಕ ದೇವತೆ ಎಂದು ನೀವು ಕಣ್ಣು ಒರೆಸಿಕೊಳ್ಳುವ ಮೊದಲು ಉಳಿದದ್ದನ್ನೂ ಕೇಳಿ. ಗಾಯ ಮಾಯ್ದ ದಿನದಿಂದ ಅವಳು ನನ್ನನ್ನು ನೋಡಿ ತುಟಿಯ ಮೇಲೆ ಒಂದು ಬೆರಳಿಡುವುದನ್ನು ಕಲಿತಳು. ಅಷ್ಟೇ. ಬಾಯಿ ಬಿಡುತ್ತಿರಲಿಲ್ಲ. ನಾನು ನೀರು ಸೇದಿ ತರುತ್ತಿದ್ದೆ, ನನ್ನ ಪಾಲಿನ ಕಜ್ಜಾಯ ಕೊಡುತ್ತಿದ್ದೆ, ಅವಳ ಬದಲು ಉಂಡೆಗೆ ನೂಲು ಸುತ್ತುತ್ತಿದ್ದೆ. ಅಪ್ಪ ಇದನ್ನು ಕಂಡು ಬೇರೆಯೇ ಅರ್ಥ ಮಾಡಿಕೊಂಡಿದ್ದರು. "ನೋಡಿ, ಗೌರಿ ಸುಮ್ನಿರು ಅಂತ ಸನ್ನೆ ಮಾಡಿದ್ರೆ ಸಾಕು, ಹುಡುಗ ಎಷ್ಟು ಮಾತು ಕೇಳ್ತಾನೆ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅಪ್ಪ ಹೋಗುವವರೆಗೂ ಅವರಿಗೆ ನಿಜ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಅಕ್ಕನಿಗೂ ಈ ವಿಷಯ ತೆಗೆದು ಒಂದು ಮಾತು ಹೇಳಿರಲಿಲ್ಲ.

ಜಗಲಿಯ ಮೇಲೆ ಕೂತು ಮೂರನೆಯ ದಿನ, ಕುಂಚದ ತುದಿ ಸರಿಯಾಗಿ ಅಕ್ಕಿಕಾಳಿನ ಅಗಲಕ್ಕೆ ಬಂದಾಗ, ಹೇಳಿದೆ.

"ಅಕ್ಕ, ಮೆಟ್ಟು ಎಟುಕಲಿಲ್ಲ."

ಅವಳು ಕೂತಲ್ಲಿಂದ ಅಲ್ಲಾಡಲಿಲ್ಲ. ಮಾದರಿಯಾಗಿ ಕೂತವರು ಅಲ್ಲಾಡಬಾರದು ಎಂದು ನಾನೇ ಹೇಳಿದ್ದೆ.

"ಗೊತ್ತು," ಅಂದಳು. "ನಿನ್ ಕಾಲು ಈಗ್ಲೂ ಗಿಡ್ಡ. ಬರಿ."

ಎಪ್ಪತ್ತಾರು ವರ್ಷದ ಮುಖಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಎರಡು ಕಣ್ಣು ಎರಡು ಅಳತೆಗೆ ಬಂದವು, ನಿಜಕ್ಕೂ ಅವು ಹಾಗೆಯೇ ಇವೆ. ಎಡಹುಬ್ಬು ಸ್ವಲ್ಪ ಕೆಳಗೆ. ಒಂದು ಎಳೆಯೂ ಇನ್ನೊಂದರ ಹಾಗಿರಲಿಲ್ಲ. ನಾನು ಬರೆದದ್ದರಲ್ಲಿ ಯಾವ ಮಗ್ಗವೂ ನೇಯಲಾಗದ್ದು ಇದೊಂದೇ. ಅಕ್ಕ ಒಂದು ಕೈಯಲ್ಲಿ ಚಿತ್ರ, ಒಂದು ಕೈಯಲ್ಲಿ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.

"ಕೋರೆಹಲ್ಲು ಒಂಚೂರು ಉದ್ದ ಆಯ್ತು," ಅಂದಳು. "ಇರ್ಲಿ. ಫ್ರೇಮ್ ಹಾಕ್ಸು."

ನನಗೆ ಅದು ಒಪ್ಪಿಗೆ ಎಂದೇ ಅನ್ನಿಸಿತು. ಅವಳಿಗೆ ಅದು ಇನ್ನೂ ಅರ್ಧವಾಗಿತ್ತು ಎಂಬುದು ಅಮಾವಾಸ್ಯೆಯ ದಿನ ಗೊತ್ತಾಯಿತು.

ಆವತ್ತು ನಡುಮನೆಯಲ್ಲಿ ಅಪ್ಪ, ಅಮ್ಮ, ಭಾವನ ಫೋಟೋಗಳನ್ನು ಮಣೆಗಳ ಮೇಲೆ ಇಟ್ಟು ಎಡೆ ಹಾಕಿದೆವು. ವಡೆ, ಕಜ್ಜಾಯ, ಪಾಯಸ, ಕುಂಬಳಕಾಯಿ ಪಲ್ಯ, ಅಪ್ಪನಿಗೆ ಒಂದು ಕಟ್ಟು ಬೀಡಿ. ಧೂಪ ಹಾಕಿ, ಕೈ ಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ಪದ್ಧತಿ. ನಾವು ನೋಡುತ್ತಿದ್ದರೆ ಹಿರಿಯರು ಸಂಕೋಚಪಟ್ಟುಕೊಂಡು ಉಣ್ಣುವುದಿಲ್ಲ. ಹತ್ತು ನಿಮಿಷ ಬಿಟ್ಟು, ಮೂರು ಸಲ ಬಾಗಿಲು ತಟ್ಟಿ, ಆಮೇಲೆ ತೆರೆಯಬೇಕು. ಧೂಪದ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಬಾಗಿಲು ಮುಚ್ಚಿದವನು ನಾನೇ. ಹೊರಗೆ ನಾನು, ಶಾರದ, ಮಗ, ಸೊಸೆ ನಿಂತಿದ್ದೆವು.

"ಅತ್ತಿಗೆ ಎಲ್ರೀ?" ಅಂದಳು ಶಾರದ.

ಹಿತ್ತಿಲಲ್ಲಿರಬೇಕು ಅಂದೆ. ಹಿತ್ತಿಲಲ್ಲಿರಲಿಲ್ಲ. ಆಗ ಮುಚ್ಚಿದ ಬಾಗಿಲ ಒಳಗಿನಿಂದ ಒಂದು ಸದ್ದು ಬಂತು. ಸ್ಪಷ್ಟವಾಗಿ ಕೇಳಿಸಿತು, ನಾಲ್ಕೂ ಜನರಿಗೆ. ಗರಿಗರಿಯಾದ ವಡೆಯನ್ನು ಯಾರೋ ಕಚ್ಚಿದ ಸದ್ದು.

ಸೊಸೆ ನನ್ನ ಮಗನ ತೋಳು ಹಿಡಿದುಕೊಂಡಳು. ಶಾರದ ನನ್ನ ತೋಳು ಹಿಡಿದುಕೊಳ್ಳಲಿಲ್ಲ, ಮುಂದಕ್ಕೆ ತಳ್ಳಿದಳು. ಮೂರು ಸಲ ತಟ್ಟಿದೆ. ತೆರೆದೆ.

ಸಾಲಿನ ಕೊನೆಯಲ್ಲಿ, ಭಾವನ ಫೋಟೋದ ಪಕ್ಕದಲ್ಲಿ, ನಾನು ಬರೆದ ಚಿತ್ರ ಒರಗಿತ್ತು. ಅದರ ಮುಂದೆ ಎಲೆ. ಎಲೆಯ ಮುಂದೆ ಗೌರಕ್ಕ, ಕಾಲು ಮಡಿಸಿ ಕೂತು, ಎರಡನೆಯ ವಡೆ ತಿನ್ನುತ್ತಿದ್ದಳು. ಒಂದೇ ಮೂತಿ ಎರಡು ಕಡೆಯಿಂದ ನಮ್ಮನ್ನು ನೋಡಿತು.

"ಅಯ್ಯೋ ಅತ್ತಿಗೆ! ಬದುಕಿರೋರು ಆ ಸಾಲಲ್ಲಿ ಕೂರ್ತಾರಾ?" ಶಾರದ ಕೂಗಿಕೊಂಡಳು.

"ಜಾಗ ನೋಡ್ಕೋಬೇಡ್ವೇನೇ? ಆಮೇಲೆ ಬಂದು ಎಲ್ಲಿ ಕೂರ್ಲಿ ಅಂತ ಕತ್ಲಲ್ಲಿ ಹುಡುಕ್ಲಾ? ಚಿತ್ರ ಸರಿಯಾಗಿದೆಯೋ ಇಲ್ವೋ ಅಂತಾನೂ ನೋಡ್ದೆ. ಸರಿಯಾಗಿದೆ. ನಿಮ್ ಭಾವನ ಪಕ್ಕ ಇಟ್ಟೆ, ಅವರೇನೂ ಗಾಬರಿ ಆಗ್ಲಿಲ್ಲ. ಪಾಯಸಕ್ಕೆ ಬೆಲ್ಲ ಸಾಲ್ದು."

ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಬೆರಳು ನೆಕ್ಕಿ, ಸೆರಗಿಗೆ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಅಪ್ಪಂಗೂ ಹೇಳ್ಬಿಟ್ಟೆ ಕಣೋ."

"ಏನಂತ?"

"ಚಿತ್ರ ಬರೆದೋನು ಯಾರು, ಮೂತಿ ಬರೆದೋನು ಯಾರು. ಎರಡೂ ಒಬ್ನೇ ಅಂತ."

ನನಗೆ ಅರವತ್ತೆಂಟು ವರ್ಷ. ಮೊಮ್ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅಪ್ಪ ಹೋಗಿ ಮೂವತ್ತು ವರ್ಷದ ಮೇಲಾಯಿತು. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳಬೇಕು: ನನ್ನ ಕಣ್ಣು ಅಪ್ಪನ ಫೋಟೋದ ಕಡೆ ಹೋಗಲಿಲ್ಲ, ಕಾಲು ಹೊಸಿಲು ದಾಟಲಿಲ್ಲ, ಒಂದು ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು.

ಅಕ್ಕ ನನಗೊಂದು ಕಜ್ಜಾಯ ಎತ್ತಿಟ್ಟು ಜಾಗ ಮಾಡಿಕೊಟ್ಟಳು.

"ಬಾರೋ ಒಳಕ್ಕೆ," ಅಂದಳು. "ಹೊಡೆಯಲ್ವಂತೆ."